‘ಸ್ಟಾಕ್ ಇದೆ’ ಎಂದು ಟಿಕ್ ಹಾಕುತ್ತಿದ್ದ ದಿನಗಳು

ನಮ್ಮ ಅಳಿಯನ ತಂಗಿ ಈಗ ಒಂದು ಮೊಬೈಲ್ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಸೇರಿದ್ದಾಳೆ. ಹೋದ ವಾರ ಮನೆಗೆ ಬಂದವಳು, "ಕಾಕಾ, ನೀವು ಮೂವತ್ತು ವರ್ಷ ಕೌಂಟರ್‌ನ್ಯಾಗ ನಿಂತೀರಿ. ನನಗೂ ಏನರ ಎರಡು ಮಾತು ಹೇಳ್ರಿ" ಎಂದಳು. ಎರಡು ಮಾತಿನಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಪಾಪ. ನನ್ನ ಹೆಂಡತಿಗೆ ಗೊತ್ತಿತ್ತು. ಅಡುಗೆಮನೆಯಿಂದಲೇ, "ತಂಗೀ, ಚಾ ಕುಡದು ಲಗೂನ ಹೊಂಡವಾ, ಇಲ್ಲಂದ್ರ ಕತ್ತಲಾಕ್ಕೈತಿ" ಎಂದು ಕೂಗಿದಳು. ಹುಡುಗಿ ನಿಜಕ್ಕೂ ಲಗುಬಗೆಯಲ್ಲಿ ಹೊರಟೇಬಿಟ್ಟಳು. ಹೇಳಲಾಗದ್ದು ಹೊಟ್ಟೆಯಲ್ಲಿ ಉಳಿದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೆ ಬರೆಯಲು ಕುಳಿತಿದ್ದೇನೆ.

ನಾನಿದ್ದದ್ದು ಮನೆಬಳಕೆಯ ಸಾಮಾನಿನ ಅಂಗಡಿಯಲ್ಲಿ. ಫ್ರಿಜ್, ಮಿಕ್ಸರ್, ಫ್ಯಾನ್, ಕುಕ್ಕರ್, ಹಿಟ್ಟಿನ ಗಿರಣಿ ಎಲ್ಲ ಇರುತ್ತಿದ್ದವು. ದೊಡ್ಡ ಅಂಗಡಿ ಹುಬ್ಬಳ್ಳಿಯಲ್ಲಿ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಗಳಲ್ಲಿ ಅದರ ಶಾಖೆಗಳು. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂದು ಬರೆಯುವುದಿಲ್ಲ. ಸೇಲ್ಸ್‌ಮನ್ ಇದ್ದಾಗಲೂ ಫ್ರಿಜ್ಜಿನ ಮೇಲಿನ ಧೂಳು ಒರೆಸಿದೆ, ಮ್ಯಾನೇಜರ್ ಆದಮೇಲೂ ಒರೆಸಿದೆ. ಧೂಳೇನೂ ನನಗೆ ಹೆಚ್ಚಿನ ಮರ್ಯಾದೆ ಕೊಡಲಿಲ್ಲ.

ನಮ್ಮ ಮಾಲಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಯಾವಾಗಲೂ ಒಂದು ಯಾಲಕ್ಕಿ. ಕೆಟ್ಟ ಮನುಷ್ಯರಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಆರಾಮಿಲ್ಲದಿದ್ದರೂ ತಾವೇ ಬಂದು ಕುಂತು ಹೋಗುತ್ತಿದ್ದರು. ಆದರೆ ಅಂಗಡಿಯ ಹೊಸ್ತಿಲು ದಾಟಿ ಬಂದ ಗಿರಾಕಿ ಬರಿಗೈಲಿ ಹೊರಗೆ ಹೋದರೆ ಮಾತ್ರ ಅವರಿಗೆ ಮೈಯೆಲ್ಲ ಉರಿ. "ಬಂದಾವ ಏನರ ಒಂದು ಒಯ್ಯಬೇಕು ನೋಡು ಚನ್ನಬಸಪ್ಪಾ" ಎಂಬುದೊಂದೇ ಅವರು ನನಗೆ ಕಲಿಸಿದ ವಿದ್ಯೆ.

ಆಗಿನ್ನೂ ನಾನು ರಾಣೆಬೆನ್ನೂರಿನ ಶಾಖೆಯಲ್ಲಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಪ್ರಚಾರವೆಂದರೆ ಪೇಪರಿನೊಳಗೆ ಇಟ್ಟು ಹಂಚುವ ಹಳದಿ ಹ್ಯಾಂಡ್‌ಬಿಲ್ಲು, ಮತ್ತೆ ಮೈಕು ಕಟ್ಟಿದ ಆಟೊ. "ಅರ್ಧ ಬೆಲೆಗೆ ಮಿಕ್ಸರ್" ಎಂದು ಬೋರಂಗಿಯಷ್ಟು ದಪ್ಪ ಅಕ್ಷರ. ಕೆಳಗೆ ಇರುವೆಯಷ್ಟು ಸಣ್ಣದಾಗಿ "ಸ್ಟಾಕ್ ಇರುವವರೆಗೆ ಮಾತ್ರ". ಸ್ಟಾಕ್ ಇದ್ದದ್ದು ಎರಡೇ ಎರಡು. ಒಂದನ್ನು ಹಿಂದಿನ ದಿನವೇ ಸಾವ್ಕಾರ್ರ ನಾದಿನಿ ಒಯ್ದಿದ್ದರು. ಇನ್ನೊಂದನ್ನು ಮಾರಬಾರದೆಂದು ಅಪ್ಪಣೆಯಾಗಿತ್ತು. ಗಿರಾಕಿ ಬಂದಕೂಡಲೇ "ಅಯ್ಯೋ, ಈಗಷ್ಟ ಹೋತಲ್ರೀ" ಎಂದು ಲೊಚಗುಟ್ಟಿ, ಹಾಗೇ ಕೈಹಿಡಿದು ಅದರ ಪಕ್ಕದ ದುಬಾರಿ ಮಿಕ್ಸರ್ ಮುಂದೆ ನಿಲ್ಲಿಸುವುದು ನನ್ನ ಕೆಲಸ. ಸುಳ್ಳು ಹೇಳಬಾರದು, ಆ ಕೆಲಸ ನಾನು ಬಹಳ ಚೆಂದ ಮಾಡುತ್ತಿದ್ದೆ. ಲೊಚಗುಟ್ಟುವಾಗ ನನಗೇ ಖರೇ ಅನಿಸುತ್ತಿತ್ತು.

ಒಂದು ಸಲ ಮೇಡ್ಲೇರಿಯಿಂದ ಒಬ್ಬರು ರೈತರು ಹ್ಯಾಂಡ್‌ಬಿಲ್ಲು ಮಡಿಚಿ ಟೊಪಿಗೆಯಲ್ಲಿಟ್ಟುಕೊಂಡು ಮೊದಲನೇ ಬಸ್ಸಿಗೇ ಬಂದರು. ನಾನು ಬೀಗ ತೆಗೆಯುವಾಗ ಮೆಟ್ಟಿಲ ಮೇಲೆ ಕುಳಿತಿದ್ದರು. ಶಟರ್ ಎತ್ತಿದೆ, ಊದಿನಕಡ್ಡಿ ಹಚ್ಚಿದೆ, ಅವರು ಹಿಂದೆಯೇ ಒಳಗೆ ಬಂದು ಮಿಕ್ಸರ್ ಕೇಳಿದರು. ರೂಢಿಯ ಬಾಯಿ ನೋಡಿ, "ಅಯ್ಯೋ, ಈಗಷ್ಟ ಹೋತಲ್ರೀ" ಎಂದುಬಿಟ್ಟೆ.

ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. "ಬಾಗಲಾ ತಗದಾವ್ರು ನೀವು. ನಿಮ್ಮ ಬೆನ್ನಿಗೇ ಒಳಗ ಬಂದಾಂವ ನಾನು. ನಡುವ ಯಾರ ಬಂದು ಒಯ್ದ್ರೀ ಮಾರಾಯ್ರ?" ಎಂದರು.

ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಊದಿನಕಡ್ಡಿಗೊಂದು ಕೈ ಮುಗಿದು ಹೋದರು. ಊರಿಗೆ ಹೋಗಿ ಸುಮ್ಮನಿದ್ದರೇ? ಮುಂದೆ ಒಂದು ವರ್ಷ ಮೇಡ್ಲೇರಿಯವರು ಯಾರೇ ಬಂದರೂ ಹೊಸ್ತಿಲಲ್ಲಿ ನಿಂತು, "ಈಗಷ್ಟ ಹೋತೇನ್ರಿ, ಏನರ ಉಳದೈತ್ರಿ?" ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು. ನಾನೂ ಅವರೊಂದಿಗೆ ನಗುತ್ತಿದ್ದೆ. ಅದರಿಂದ ಕಲಿತದ್ದು ಮಾತ್ರ ಏನೂ ಇಲ್ಲ. ಬೀಗ ತೆಗೆದ ಮೇಲೆ ಹತ್ತು ನಿಮಿಷ ತಡೆದು ಸುಳ್ಳು ಹೇಳಬೇಕು ಎಂದಷ್ಟೇ ಕಲಿತೆ.

ಆಮೇಲೆ ನನ್ನನ್ನು ಹಾವೇರಿ ಶಾಖೆಗೆ ಹಾಕಿದರು. ಅಷ್ಟರಲ್ಲಿ ಊರೂರಿಗೆ ಇಂಟರ್ನೆಟ್ ಬಂದಿತ್ತು. ಸಾವ್ಕಾರ್ರು ಹುಬ್ಬಳ್ಳಿಯಲ್ಲಿ ನಮ್ಮನ್ನೆಲ್ಲ ಕೂಡಿಸಿ, ಗಿರಮಿಟ್ಟು ತಿನ್ನಿಸಿ, "ಇನ್ನ ಮ್ಯಾಲೆ ನಮ್ಮ ಅಂಗಡಿ ಕಂಪ್ಯೂಟರ್‌ನ್ಯಾಗೂ ಐತಿ" ಎಂದು ಸಾರಿದರು. ಅಂಗಡಿಯ ವೆಬ್‌ಸೈಟು ತಯಾರಾಗಿತ್ತು. ಗಿರಾಕಿ ಅದರಲ್ಲಿ ಮಾಲು ನೋಡಿ, ಬೇಕಾದ್ದನ್ನು ಬುಕ್ ಮಾಡಿ, ಕಾಗದ ಪ್ರಿಂಟ್ ತೆಗೆಸಿಕೊಂಡು ಶಾಖೆಗೆ ಬಂದು ಒಯ್ಯಬೇಕು. ಅದನ್ನು ನೋಡಿಕೊಳ್ಳಲು ಶೈಲಾ ಎಂಬ ಚುರುಕಾದ ಹೆಣ್ಣುಮಗಳನ್ನು ಹುಬ್ಬಳ್ಳಿ ಆಫೀಸಿಗೆ ತೆಗೆದುಕೊಂಡಿದ್ದರು. ಮೌಸನ್ನು ಹೇಗೆ ಹಿಡಿಯಬೇಕೆಂದು ನನಗೆ ಕಲಿಸಿದವಳು ಆಕೆ. ಬಾಣ ಮೇಲಕ್ಕೆ ಹೋಗಬೇಕು ಎಂದಾಗ ನಾನು ಮೌಸನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದಿದ್ದೆ. ಆಕೆ ನಗಲಿಲ್ಲ, ಅದಕ್ಕಾಗಿ ಇವತ್ತಿಗೂ ಆಕೆಯ ಮೇಲೆ ನನಗೆ ಗೌರವ.

ವೆಬ್‌ಸೈಟಿನಲ್ಲಿ ಪ್ರತಿ ಮಾಲಿನ ಹತ್ತಿರ ಒಂದು ಸಣ್ಣ ಚೌಕ ಇತ್ತು. ಮಾಲು ಇದ್ದರೆ ಟಿಕ್ ಹಾಕಬೇಕು, ಮುಗಿದರೆ ತೆಗೆಯಬೇಕು. ಪ್ರತಿ ಸೋಮವಾರ ಆಯಾ ಶಾಖೆಯವರೇ ಇದನ್ನು ಮಾಡಬೇಕೆಂದು ಶೈಲಾ ಹೇಳಿಕೊಟ್ಟಳು. ಜೊತೆಗೆ ಪ್ರತಿ ಮಾಲಿಗೂ ಎರಡು ಬೆಲೆ: ಗೆರೆ ಹೊಡೆದ ದೊಡ್ಡ ಬೆಲೆ, ಪಕ್ಕದಲ್ಲಿ ಕೆಂಪಕ್ಷರದ ಸಣ್ಣ ಬೆಲೆ. "ಅಂಕಲ್, ಹಳೇ ಬೆಲಿ ಎಷ್ಟಂತ ಹಾಕ್ಲಿ?" ಎಂದು ಆಕೆ ಫೋನಿನಲ್ಲಿ ಕೇಳುತ್ತಿದ್ದಳು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಆ ಗೆರೆ ಹೊಡೆದ ಬೆಲೆಗೆ ಆ ಮಾಲನ್ನು ನಾವು ಯಾವತ್ತೂ ಯಾರಿಗೂ ಮಾರಿದ್ದೇ ಇಲ್ಲ.

ಮೊದಲನೇ ತಿಂಗಳು ನಾನು ನಿಯತ್ತಿನಿಂದ ಟಿಕ್ ತೆಗೆದೆ. ಒಂದು ದಿನ ಸಾವ್ಕಾರ್ರ ಫೋನು ಬಂತು.

"ಚನ್ನಬಸಪ್ಪಾ, ಯಾಕ ಎಲ್ಲಾ ತಗದು ಒಗ್ಯಾಕತ್ತೀದಿ? ಪೇಜ್ ಬೋಳಬೋಳ ಕಾಣಾಕತ್ತೈತಿ."

"ಮಾಲ ಮುಗದೈತ್ರಿ ಸಾವ್ಕಾರ್ರ."

"ಮುಗೀಲಿ ಬಿಡಪಾ. ಕಡಿಮಿ ರೇಟಿಂದು ಇರಬೇಕು. ಅದನ್ನ ನೋಡಿ ಬರ್ತಾರ, ಬಂದಾವ ಮತ್ತೊಂದು ಒಯ್ತಾನ. ಟಿಕ್ ಹಂಗs ಇರಲಿ."

ಆಯಿತು ಎಂದೆ. ಹ್ಯಾಂಡ್‌ಬಿಲ್ಲಿಗಿಂತ ಇದು ಹಗುರವಾಗಿಯೂ ಇತ್ತು. ಹ್ಯಾಂಡ್‌ಬಿಲ್ಲಿನ ಕಾಲದಲ್ಲಿ ಗಿರಾಕಿಯ ಮುಖ ನೋಡುತ್ತ ಸುಳ್ಳು ಹೇಳಬೇಕಿತ್ತು. ಇಲ್ಲಿ ನಾನೇನೂ ಹೇಳಬೇಕಾಗಿರಲಿಲ್ಲ, ಟಿಕ್ ತೆಗೆಯದೆ ಸುಮ್ಮನೆ ಕುಳಿತರೆ ಸಾಕಿತ್ತು.

ಕರ್ಜಗಿಯ ಒಬ್ಬ ನಿವೃತ್ತ ಮಾಸ್ತರರು ಹೀಗೆಯೇ ಒಂದು ನೀಲಿ ಫ್ರಿಜ್ಜನ್ನು ವೆಬ್‌ಸೈಟಿನಲ್ಲಿ ನೋಡಿದರು. ಪ್ರಿಂಟ್ ತೆಗೆಸಿದರು. ಅಷ್ಟಕ್ಕೇ ಬಿಡುವ ಪೈಕಿ ಅಲ್ಲ ಅವರು. ಹಾವೇರಿಯ ಒಬ್ಬ ಗೆಜೆಟೆಡ್ ಅಧಿಕಾರಿಯ ಕಡೆಯಿಂದ ಆ ಪ್ರಿಂಟಿನ ಮೇಲೆ "ನಿಜ ಪ್ರತಿ" ಎಂದು ಸಹಿ, ಶಿಕ್ಕಾ ಹಾಕಿಸಿಕೊಂಡು ಬಂದಿದ್ದರು! ಎರಡು ಪ್ರತಿ ಬೇರೆ. ಒಂದು ನಮಗೆ, ಇನ್ನೊಂದರ ಮೇಲೆ ‘ಮುಟ್ಟಿದೆ’ ಎಂದು ನಾನು ಸಹಿ ಹಾಕಿ ಅವರಿಗೆ ಕೊಡಬೇಕು. ನನ್ನ ಸರ್ವಿಸ್‌ನಲ್ಲಿ ಫ್ರಿಜ್ಜಿಗೆ ಅಟೆಸ್ಟೇಶನ್ ಮಾಡಿಸಿದವರು ಅವರೊಬ್ಬರೇ.

"ಸರ್, ಸ್ಟಾಕ್ ಇಲ್ಲರಿ. ಇದರ ಪಕ್ಕದ್ದು ನೋಡ್ರಿ, ಇನ್ನೂ ಛಲೋ ಐತಿ" ಎಂದೆ.

"ನಾ ಪಕ್ಕದ್ದನ್ನ ಕೇಳಿಲ್ಲ. ಪ್ರಶ್ನೆ ಎಷ್ಟೈತೋ ಅಷ್ಟಕ್ಕ ಉತ್ತರ ಬರೀಬೇಕು" ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಊಟದ ಹೊತ್ತಾಯಿತು, ಡಬ್ಬಿ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟರು, ಏಳಲಿಲ್ಲ. ಕೊನೆಗೆ ನಾನೇ ಸೋತು ಎಲ್ಲ ಶಾಖೆಗಳಿಗೆ ಫೋನು ತಿರುಗಿಸಿದೆ. ಬ್ಯಾಡಗಿಯಲ್ಲಿ ಅದೇ ಫ್ರಿಜ್ಜು ಒಂದಿತ್ತು. ಇಳಿಸುವಾಗ ಬಿದ್ದು, ಪಕ್ಕ ನೆಗ್ಗಿ ಗುದ್ದು ಬಿದ್ದಿತ್ತು. "ಗುದ್ದು ಗ್ವಾಡಿ ಕಡೆ ಮಾಡಿ ಇಡ್ತೀನಿ. ನನಗ ಬಣ್ಣ ನೀಲಿ ಇದ್ದರ ಆತು" ಎಂದು ಖುಷಿಯಿಂದ ಒಯ್ದರು. ಅಂತೂ ಗೆದ್ದೆ ಎಂದುಕೊಂಡೆ. ಸೋಮವಾರ ಬಂತು, ನೀಲಿ ಫ್ರಿಜ್ಜಿನ ಟಿಕ್ ಮತ್ತೆ ಹಾಗೇ ಬಿಟ್ಟೆ. ಅಂಥ ದಡ್ಡತನ ನಂದು.

ಇನ್ನು ಗಂಗವ್ವನ ಸಂಗತಿ. ಅಳಿಯನ ತಂಗಿಗೆ ಹೇಳಬೇಕೆಂದಿದ್ದುದೇ ಇದು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಭರಾಟೆಯಲ್ಲಿದ್ದ ದಿನಗಳು. ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಒಂದು ಮುಂಜಾನೆ ನಾಲ್ವರು ಹೆಣ್ಣುಮಕ್ಕಳು ಬ್ಯಾಡಗಿ ಬಸ್ಸಿಳಿದು, ಅರ್ಧ ಚೀಲ ಮೆಣಸಿನಕಾಯಿ ಹೊತ್ತುಕೊಂಡು ಸೀದಾ ನಮ್ಮ ಹಾವೇರಿ ಅಂಗಡಿಗೆ ಬಂದರು. ಮುಂದಿದ್ದ ಗಂಗವ್ವ ನಲವತ್ತರ ಆಸುಪಾಸಿನ ಗಟ್ಟಿ ಹೆಣ್ಣುಮಗಳು. ಸೊಂಟದಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಪ್ರಿಂಟನ್ನು ಕೌಂಟರ್ ಮೇಲೆ ಹರಡಿ, "ಈ ಗಿರಣಿ ತೋರಸ್ರಿ" ಎಂದಳು. ಖಾರಪುಡಿ ಬೀಸುವ ಸಣ್ಣ ಗಿರಣಿ, ಅರ್ಧ ಬೆಲೆ, ಹಾವೇರಿ ಶಾಖೆಯಲ್ಲಿ ಸ್ಟಾಕ್ ಇದೆ ಎಂದಿತ್ತು. ಬ್ಯಾಡಗಿಯ ಕಂಪ್ಯೂಟರ್ ಕ್ಲಾಸಿನ ಮೇಡಂ ತೆಗೆದುಕೊಟ್ಟ ಪ್ರಿಂಟಂತೆ.

ಆ ಗಿರಣಿ ಮುಗಿದು ಮೂರು ತಿಂಗಳಾಗಿತ್ತು.

"ಸ್ಟಾಕ್ ಇಲ್ಲವಾ ತಂಗಿ. ದೊಡ್ಡದು ಐತಿ, ತೋರಸ್ಲಿ?" ಎಂದೆ.

"ದೊಡ್ಡದು ನಮಗ ನೀಗಂಗಿಲ್ಲರಿ. ಐತಿ ಅಂತ ಬರದೀರಲ್ಲ?"

"ಬರದದ್ದು ಹಳೇದು."

ಗಂಗವ್ವ ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಅಣ್ಣಾರ, ನಮ್ಮ ಪ್ಯಾಟ್ಯಾಗ ವ್ಯಾಪಾರಸ್ಥರು ರಾಶಿ ನೋಡಿ ಚೀಟ್ಯಾಗ ರೇಟ್ ಬರದು ಡಬ್ಬಿಗೆ ಹಾಕ್ತಾರ. ಬರದ ಮ್ಯಾಲೆ ಮುಗೀತು. ಅದು ಹಳೇದು, ತಪ್ಪಿ ಬರದೆ ಅಂದ್ರ ಮರುದಿನ ಅವನ್ನ ರಾಶಿ ಹತ್ತರ ಯಾರೂ ನಿಲ್ಲಗೊಡಂಗಿಲ್ಲ. ನೀವು ಬರದೀರಿ, ನಾವು ಬಂದೇವಿ."

ನನಗೆ ಆಗ ಅರ್ಥವಾಯಿತು. ಹದಿನೈದು ವರ್ಷ ದಲಾಲಿ ಅಂಗಡಿಯಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಿದ ಆಕೆ, ನಮ್ಮ ವೆಬ್‌ಸೈಟನ್ನು ಪೇಟೆಯ ಟೆಂಡರ್ ಚೀಟಿ ಎಂದೇ ತಿಳಿದಿದ್ದಳು. ಅಂಗಡಿಯವರು ಬರೆದ ಮೇಲೆ ಮಾಲು ತನ್ನದಾಯಿತೆಂದು ನಂಬಿ ಮುಂದಿನದನ್ನೆಲ್ಲ ಮಾಡಿ ಮುಗಿಸಿಬಿಟ್ಟಿದ್ದಳು.

"ನಿನ್ನಿ ದಲಾಲಿ ಅಂಗಡ್ಯಾಗ ನಾವು ನಾಕೂ ಮಂದಿ ಕೆಲಸ ಬಿಟ್ಟ ಬಂದೇವಿ" ಎಂದಳು. "ನಮ್ಮ ಜಾಗಾಕ್ಕ ಇವತ್ತ ಬ್ಯಾರೆಯವ್ರು ಕುಂತಾರ. ಖೋಲಿ ಹಿಡದೇವಿ, ಕರೆಂಟ್ ಹಾಕಿಸೇವಿ. ಎರಡು ಲಗ್ನದ ಮನಿಗೆ ಮಸಾಲಿ ಖಾರ ಕೊಡ್ತೀವಿ ಅಂತ ಮಾತು ಕೊಟ್ಟೇವಿ. ಗಿರಣಿ ಇಲ್ಲಂದ್ರ ನಾವೇನು ಕೈಲೆ ಕುಟ್ಟೂಣೇನ್ರಿ?"

ಹಿಂದಿದ್ದ ಮೂವರಲ್ಲಿ ಒಬ್ಬಳ ಕಣ್ಣಲ್ಲಿ ನೀರು ಬಂದಿತ್ತು. ನನಗೆ ನಾಚಿಕೆಯಾಯಿತು. ಕೌಂಟರ್ ಹಿಂದೆ ನಿಂತು ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಬ್ಯಾಡಗಿಗೆ, ರಾಣೆಬೆನ್ನೂರಿಗೆ ಫೋನು ಮಾಡಿದೆ. ಎಲ್ಲಿಯೂ ಇರಲಿಲ್ಲ. ಆ ಗಿರಣಿ ಮಾಡುವುದನ್ನೇ ಕಂಪನಿ ನಿಲ್ಲಿಸಿದೆಯೆಂದು ಶೈಲಾ ಹೇಳಿದಳು.

ಅಷ್ಟರಲ್ಲಿ ಗಂಗವ್ವ ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯತ್ತ ಬೊಟ್ಟು ಮಾಡಿದಳು. "ಮತ್ತ ಅದೇನ್ರಿ?"

ಅದೇ ಗಿರಣಿ. ಕಂಪನಿಯವರು ತೋರಿಸಲೆಂದು ಕೊಟ್ಟ ಒಂದು ಪೀಸು. ಮಾರಬಾರದು ಎಂದು ಸಾವ್ಕಾರ್ರ ಕಟ್ಟಪ್ಪಣೆ. ಅದನ್ನು ಹೇಳುವಷ್ಟರಲ್ಲಿ ಹೊರಗೆ ಕಾರು ನಿಂತ ಸಪ್ಪಳವಾಯಿತು. ಅವತ್ತೇ ಸಾವ್ಕಾರ್ರು ಶಾಖೆ ನೋಡಲು ಬರಬೇಕೇ!

ಸಾವ್ಕಾರ್ರು ಎಲ್ಲ ಕೇಳಿಸಿಕೊಂಡರು. ನಗುನಗುತ್ತ ದೊಡ್ಡ ಗಿರಣಿಯ ಗುಣಗಾನ ಮಾಡಿದರು. ಗಂಗವ್ವ ಪ್ರಿಂಟನ್ನು ಅವರ ಮುಂದೆ ಹಿಡಿದೇ ನಿಂತಳು. ಕೊನೆಗೆ ಸಾವ್ಕಾರ್ರು ನನ್ನತ್ತ ಕೈ ಮಾಡಿ, "ಇದು ನಾ ಬರದದ್ದಲ್ಲವಾ. ಇವ ಟಿಕ್ ಹಾಕ್ಯಾನ, ನೋಡದ ಹಾಕ್ಯಾನ. ಇವನ್ನ ಕೇಳು" ಎಂದರು.

ಗಂಗವ್ವ ನನ್ನ ಕಡೆ ತಿರುಗಿದಳು. "ಅಣ್ಣಾರ, ಟಿಕ್ ಹಾಕೂವಾಗ ಮಾಲ ಇತ್ತೇನ್ರಿ? ನೋಡದ ಹಾಕಿದ್ರೇನು?"

ನೋಡದೆ ಹಾಕಿದೆ ಎಂದರೆ ತಪ್ಪಿಸಿಕೊಳ್ಳಬಹುದಿತ್ತು. ಸಾವ್ಕಾರ್ರು ಅದಕ್ಕೆಂದೇ ದಾರಿ ಮಾಡಿಕೊಟ್ಟಿದ್ದರು. "ಇರಲಿಲ್ಲವಾ" ಎಂದೆ. "ಮೂರು ತಿಂಗಳಾತು ಮುಗದು. ನನಗ ಗೊತ್ತಿತ್ತು. ಗೊತ್ತಿದ್ದs ಟಿಕ್ ಬಿಟ್ಟೇನಿ."

ಸಾವ್ಕಾರ್ರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಯಾಲಕ್ಕಿ ಅಗಿಯುವುದೂ ನಿಂತಿತ್ತು. ಅಂಗಡಿಯಲ್ಲಿದ್ದ ಏಳೆಂಟು ಗಿರಾಕಿಗಳೂ ಕಿವಿ ನಿಮಿರಿಸಿ ನಿಂತಿದ್ದರು. ಅವರೆದುರು ಇನ್ನು ಏನಾದರೂ ಹೇಳಲೇಬೇಕಿತ್ತು.

"ಆತವಾ" ಎಂದರು ಸಾವ್ಕಾರ್ರು. "ಆ ತೋರಸೂ ಗಿರಣಿ ವರ್ಷಗಟ್ಟಲೆ ಓಡಿಸಿಲ್ಲ, ಜಂಗ್ ಹಿಡದಿರತೈತಿ. ಓಡಿದ್ರ ಒಯ್ರಿ, ನಿಮ್ಮ ಕಾಗದದಾಗ ಇದ್ದ ರೇಟಿಗೇ ಒಯ್ರಿ. ಓಡಲಿಲ್ಲಂದ್ರ ಸುಮ್ಮನ ಮನಿಗೆ ಹೋಗಬೇಕು. ಒಪ್ಪೇನು?"

"ಒಪ್ಪರಿ. ಅದಕ್ಕs ಕಾಯಿ ತಂದೇವಿ" ಎಂದು ಗಂಗವ್ವ ಚೀಲದ ಬಾಯಿ ಬಿಚ್ಚಿದಳು. ತಮ್ಮ ಕಾಯಿ ಹಾಕಿ ನೋಡದೆ ಬ್ಯಾಡಗಿಯವರು ಗಿರಣಿ ಕೊಳ್ಳುವುದುಂಟೇ?

ಗಿರಣಿಯನ್ನು ಪೆಟ್ಟಿಗೆಯಿಂದ ಇಳಿಸಿ, ಒರೆಸಿ, ವೈರು ಚುಚ್ಚಿದೆ. ಗುಂಡಿ ಒತ್ತಿದ ಕೂಡಲೇ ಗರ್ರೆಂದು ತಿರುಗಿತು! ನಾಲ್ವರೂ "ಹೋ" ಎಂದು ಕೂಗಿ, ಎರಡು ಬೊಗಸೆ ಕಾಯಿ ಸುರಿದೇಬಿಟ್ಟರು. ಆಗ ನನಗೆ ನೆನಪಾಯಿತು. ಪುಡಿ ಬೀಳುವ ಬಾಯಿಗೆ ಕಟ್ಟುವ ಬಟ್ಟೆಯ ಚೀಲ, ತೋರಿಸುವ ಪೀಸಿನ ಜೊತೆ ಬಂದಿರಲೇ ಇಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಏಸಿ ಹಾಕಿ ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಅವರು ನಿಂತು ನೋಡಿಲ್ಲ. ಕೆಂಪು ಮೋಡ ಭುಸ್ಸನೆ ಎದ್ದಿತು. ನಿಂತು ನೋಡುತ್ತಿದ್ದ ಗಿರಾಕಿಗಳು ಕೆಮ್ಮುತ್ತ ರಸ್ತೆಗೆ ಓಡಿದರು. ನಾನು ಪ್ಲಗ್ಗು ಹುಡುಕುತ್ತ ಸೀನಿದೆ, ಸೀನುತ್ತ ಹುಡುಕಿದೆ. ಸಾವ್ಕಾರ್ರು ಒಂದು ವಾಷಿಂಗ್ ಮಷೀನಿನ ಮೇಲೆ ಕುಸಿದು ಕುಳಿತು ಒಂದೇ ಸಮ ಸೀನತೊಡಗಿದರು. ಆ ಬಿಳಿ ಅಂಗಿ ಹೋಳಿ ಆಡಿ ಬಂದಂತಾಗಿತ್ತು. ಹೆಣ್ಣುಮಕ್ಕಳು ನಾಲ್ವರೂ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಬಿದ್ದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತ, "ನುಣ್ಣಗ ಬಂದೈತಿ ನೋಡs" ಎಂದು ಆರಾಮಾಗಿ ಮಾತಾಡುತ್ತಿದ್ದರು.

"ಒಯ್... ಆಕ್ಷೀ... ಒಯ್ರೆವಾ! ಮದಲ ಹೊರಗ ಒಯ್ರಿ!" ಎಂದು ಸಾವ್ಕಾರ್ರು ಕೈ ಮುಗಿದೇಬಿಟ್ಟರು. ಆಮೇಲೆ ಕಣ್ಣು ಒರೆಸಿಕೊಳ್ಳುತ್ತ ಅವರೇ ನಗತೊಡಗಿದರು. ನಗು, ಸೀನು ಎರಡೂ ಕೂಡಿ ಅವರ ಅವಸ್ಥೆ ನೋಡಲಾಗುತ್ತಿರಲಿಲ್ಲ.

ಪ್ರಿಂಟಿನಲ್ಲಿದ್ದ ಬೆಲೆಗೇ ಬಿಲ್ಲು ಬರೆದೆ. ಗಿರಣಿಯನ್ನು ಒಂದು ಟೆಂಪೊಗೆ ಹತ್ತಿಸಿ ಹಗ್ಗ ಬಿಗಿದೆವು. ಗಂಗವ್ವ ಗಿರಣಿಯ ಪಕ್ಕದಲ್ಲಿ, ಅದರ ಮೇಲೊಂದು ಕೈ ಇಟ್ಟುಕೊಂಡು ಕುಳಿತಳು. ಬೆಳಗಿನಿಂದ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ತಂಗೀ, ಮಷೀನ್ ಕಣ್ಣಿಲೆ ನೋಡಲಾರದ ನಾಕು ಮಂದಿ ಕೆಲಸ ಬಿಟ್ರಲ್ಲ, ಆ ಕಂಪ್ಯೂಟರ್‌ನ ಅಷ್ಟು ನಂಬಿದ್ರೇನು?"

"ಕಂಪ್ಯೂಟರ್ ನಂಬಿ ಯಾರ ಕೆಲಸ ಬಿಡ್ತಾರ್ರಿ?" ಎಂದು ಗಂಗವ್ವ ನಕ್ಕಳು. ಪ್ರಿಂಟನ್ನು ಬಿಚ್ಚಿ ಅದರ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ‘ಹಾವೇರಿ ಶಾಖೆ. ವಿಚಾರಿಸಿ: ಚನ್ನಬಸಪ್ಪ’ ಎಂದಿತ್ತು. "ನಮ್ಮ ಅಕ್ಕಗ ರಾಣೆಬೆನ್ನೂರಾಗ ನೀವು ಫ್ಯಾನ್ ಕೊಟ್ಟಿದ್ರಿ. ಹತ್ತು ವರ್ಷ ಆತು, ಇನ್ನೂ ತಿರಗಾಕತ್ತೈತಿ. ಕೆಳಗ ನಿಮ್ಮ ಹೆಸರೈತಿ ಅಂತ ಮೇಡಂ ಓದಿ ಹೇಳಿದ್ರು. ಅದಕ್ಕ ಬಿಟ್ವಿ."

ಟೆಂಪೊ ಹೋಯಿತು. ನಾನು ಒಳಗೆ ಬಂದು ಕೀಬೋರ್ಡಿನ ಮೇಲಿನ ಖಾರಪುಡಿ ಊದಿ ಕಂಪ್ಯೂಟರ್ ಮುಂದೆ ಕುಳಿತೆ. ಕೆಳಗೆ ನನ್ನ ಹೆಸರಿದ್ದ ಮಾಲನ್ನೆಲ್ಲ ಮೊದಲ ಸಲ ಒಂದೊಂದಾಗಿ ಓದಿದೆ. ಟಿಕ್ ಇದ್ದವು ಇಪ್ಪತ್ಮೂರು. ಅಂಗಡಿಯಲ್ಲಿದ್ದವು ಒಂಬತ್ತು. ಸಾವ್ಕಾರ್ರು ಇನ್ನೂ ವಾಷಿಂಗ್ ಮಷೀನಿನ ಮೇಲೆಯೇ ಕುಳಿತು ನನ್ನನ್ನು ನೋಡುತ್ತಿದ್ದರು. ನಾನು ಸೋಮವಾರದವರೆಗೆ ಕಾಯಲಿಲ್ಲ. ಅವರ ಎದುರಿಗೇ, ಸೀನುತ್ತ ಸೀನುತ್ತ, ಹದಿನಾಲ್ಕೂ ಟಿಕ್ ತೆಗೆದೆ.